ವೈ-ಫೈಗೆ ಬೀಗ ಯಾವ ಬಾಗಿಲಲ್ಲಿ? ಮೂರು ಪದರಗಳ ಕಂಪನಿ ಜಾಲದ ಬಗ್ಗೆ ಒಂದು ಉತ್ತರ

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿರುವ ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ನಾನು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೇನೆ. ಆಡಳಿತ ಕಟ್ಟಡ, ಎರಡು ಶೆಡ್ ಮತ್ತು ಒಂದು ಗೋದಾಮು ಸೇರಿ ಸುಮಾರು ಆರುನೂರು ಬಳಕೆದಾರರಿದ್ದಾರೆ. ಜಾಲವನ್ನು ಆಕ್ಸೆಸ್ (ಸಾಧನಗಳು ಸೇರುವ ಸ್ವಿಚ್ಚುಗಳು), ಡಿಸ್ಟ್ರಿಬ್ಯೂಷನ್ (ಅವುಗಳನ್ನು ಒಟ್ಟುಗೂಡಿಸುವ ಸ್ವಿಚ್ಚುಗಳು) ಮತ್ತು ಕೋರ್ (ಎಲ್ಲವನ್ನೂ ಜೋಡಿಸುವ ಬೆನ್ನೆಲುಬು) ಎಂಬ ಮೂರು ಪದರಗಳಲ್ಲಿ ಕಟ್ಟಲಾಗಿದೆ. ವೈ-ಫೈಗೆ ಡಬ್ಲ್ಯುಪಿಎ2 ಎಂಬ ಭದ್ರತಾ ವಿಧಾನ ಇದೆ; ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದನ್ನು ಮೂರು ತಿಂಗಳಿಗೊಮ್ಮೆ ಬದಲಿಸುತ್ತೇವೆ. ವೈ-ಫೈ ಹೆಸರನ್ನು ಮರೆಮಾಡಿದ್ದೇವೆ, ಒಳಬಿಡಬೇಕಾದ ಸಾಧನಗಳ ಮ್ಯಾಕ್ ವಿಳಾಸಗಳ (ಪ್ರತಿ ಸಾಧನದ ಜಾಲ ಕಾರ್ಡಿನ ಗುರುತು ಸಂಖ್ಯೆ) ಪಟ್ಟಿಯನ್ನೂ ಇಟ್ಟಿದ್ದೇವೆ. ಆದರೂ ಆಡಿಟರ್ ಇಷ್ಟು ಸಾಲದು ಎಂದು ಬರೆದಿದ್ದಾರೆ. ಇನ್ನೇನು ಮಾಡಬೇಕು, ಅದನ್ನು ಯಾವ ಪದರದಲ್ಲಿ ಮಾಡಬೇಕು? ಗೋದಾಮಿನ ಹಳೆಯ ಬಾರ್‌ಕೋಡ್ ಸ್ಕ್ಯಾನರ್‌ಗಳು ಹೊಸ ವಿಧಾನಗಳನ್ನು ಒಪ್ಪುವುದಿಲ್ಲ ಎಂಬುದೂ ಒಂದು ಚಿಂತೆ.

ಉತ್ತರ: ಆಡಿಟರ್ ಹೇಳಿದ್ದು ಸರಿ. ಆದರೆ ಕಾರಣವನ್ನು ಅವರು ಬಿಡಿಸಿ ಬರೆದಂತಿಲ್ಲ. ಕಾರಣ ತಿಳಿಯದೆ ಮಾಡಿದ ತಿದ್ದುಪಡಿ ಮುಂದಿನ ವರ್ಷದ ವರದಿಯಲ್ಲಿ ಮತ್ತೆ ಸಾಲದಾಗುತ್ತದೆ. ನೀವು ಕೈಗೊಂಡಿರುವ ಮೂರು ಕ್ರಮಗಳಲ್ಲಿ ಎರಡು ನಿಮ್ಮದೇ ಸಿಬ್ಬಂದಿಯನ್ನು ಗೋಳುಹೊಯ್ದುಕೊಳ್ಳುತ್ತವೆಯೇ ಹೊರತು ಒಳನುಗ್ಗುವವನನ್ನಲ್ಲ. ಮೂರನೆಯದಾದ ಪಾಸ್‌ವರ್ಡ್ ಕೆಲಸ ಮಾಡುತ್ತದೆ, ಆದರೆ ನಿಮಗೆ ಬೇಕಾದ ಕೆಲಸವನ್ನು ಮಾಡುವುದಿಲ್ಲ.

ಮೊದಲು ಆ ಎರಡನ್ನು ಮುಗಿಸಿಬಿಡೋಣ. ಹೆಸರು ಮರೆಮಾಡಿದ ಜಾಲಕ್ಕೆ ಸೇರಬೇಕಾದ ಪ್ರತಿಯೊಂದು ಸಾಧನವೂ ಸೇರುವ ಹೊತ್ತಿನಲ್ಲಿ ಆ ಹೆಸರನ್ನು ಗಾಳಿಯಲ್ಲಿ ಕೂಗಲೇಬೇಕು. ಹಾಗಾಗಿ ಗೇಟಿನ ಹೊರಗೆ ಅರ್ಧ ಗಂಟೆ ಕಾದವನಿಗೆ ಅದು ತಾನಾಗಿ ಸಿಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಿಮ್ಮ ಸಿಬ್ಬಂದಿಯ ಲ್ಯಾಪ್‌ಟಾಪ್‌ಗಳು ಬಸ್ ನಿಲ್ದಾಣದಲ್ಲೂ ಹೋಟೆಲಿನಲ್ಲೂ ಅದೇ ಹೆಸರನ್ನು ಕೂಗುತ್ತ ಹುಡುಕುತ್ತಿರುತ್ತವೆ. ಮ್ಯಾಕ್ ವಿಳಾಸದ ಕಥೆಯೂ ಇಷ್ಟೇ: ದತ್ತಾಂಶ ಗೂಢಲಿಪಿಯಲ್ಲಿದ್ದರೂ ಫ್ರೇಮಿನ, ಅಂದರೆ ಗಾಳಿಯಲ್ಲಿ ಹೋಗುವ ಪ್ರತಿ ತುಣುಕಿನ, ತಲೆಬರಹದಲ್ಲಿರುವ ಮ್ಯಾಕ್ ವಿಳಾಸ ಯಾವಾಗಲೂ ಬಯಲಲ್ಲೇ ಇರುತ್ತದೆ, ಅದನ್ನು ನಕಲು ಮಾಡಲು ಒಂದು ಆಜ್ಞೆ ಸಾಕು. ಮೇಲಾಗಿ 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಫೋನುಗಳು ಪ್ರತಿ ಜಾಲಕ್ಕೂ ಬೇರೆಯೇ ಆದ ಯಾದೃಚ್ಛಿಕ ವಿಳಾಸವನ್ನು ತೋರಿಸುತ್ತವೆ. ನಿಮ್ಮ ಪಟ್ಟಿ ಪ್ರಾಮಾಣಿಕರನ್ನು ತಡೆದು ನಿಲ್ಲಿಸುತ್ತಿದೆ, ಅಷ್ಟೆ. ಎರಡನ್ನೂ ತೆಗೆದುಹಾಕಿದರೆ ನಿಮ್ಮ ಹೆಲ್ಪ್‌ಡೆಸ್ಕಿನವರು ನಿಮ್ಮನ್ನು ಹರಸುತ್ತಾರೆ.

ಪಾಸ್‌ವರ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ಡಬ್ಲ್ಯುಪಿಎ2ದಲ್ಲಿ ಹಂಚಿದ ಪಾಸ್‌ವರ್ಡನ್ನು ವೈ-ಫೈ ಹೆಸರಿನೊಂದಿಗೆ ಬೆರೆಸಿ, 4096 ಬಾರಿ ಅರೆದು, 256 ಬಿಟ್‌ಗಳ ಮೂಲ ಕೀಲಿಯೊಂದನ್ನು ತಯಾರಿಸುತ್ತಾರೆ. ಸಾಧನ ಸೇರುವಾಗ ನಡೆಯುವ ನಾಲ್ಕು ಸಂದೇಶಗಳ ಕೈಕುಲುಕನ್ನು ಯಾರಾದರೂ ಸೆರೆಹಿಡಿದರೆ, ಅದನ್ನು ಮನೆಗೆ ಒಯ್ದು ತಮ್ಮ ಯಂತ್ರದಲ್ಲಿ ಕೋಟಿಗಟ್ಟಲೆ ಊಹೆಗಳನ್ನು ಪರೀಕ್ಷಿಸಬಹುದು. ಅಷ್ಟು ಹೊತ್ತೂ ನಿಮ್ಮ ಜಾಲಕ್ಕೆ ಅದರ ಸುಳಿವೇ ಹತ್ತುವುದಿಲ್ಲ. ಉದ್ದವಾದ, ನಿಘಂಟಿನಲ್ಲಿಲ್ಲದ ಪಾಸ್‌ವರ್ಡ್ ಇಟ್ಟು ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಬಹುದು ಎನ್ನುವುದು ನಿಜ. ಆದರೆ ನಿಮ್ಮ ಮುಖ್ಯ ತೊಂದರೆ ಊಹಿಸುವವನದ್ದಲ್ಲ. ಆರು ಕಿವಿಗೆ ಬಿದ್ದ ಮಾತು ಗುಟ್ಟಾಗಿ ಉಳಿಯದು ಎನ್ನುತ್ತಾರೆ. ನಿಮ್ಮಲ್ಲಿ ಅದು ಬಿದ್ದಿರುವುದು ಸಾವಿರದ ಇನ್ನೂರು ಕಿವಿಗಳಿಗೆ. ಕಳೆದ ತಿಂಗಳು ಕೆಲಸ ಬಿಟ್ಟವರು, ಗುತ್ತಿಗೆಯ ಎಲೆಕ್ಟ್ರಿಷಿಯನ್, ಯಂತ್ರ ದುರಸ್ತಿಗೆ ಬಂದ ಎಂಜಿನಿಯರ್ ಎಲ್ಲರ ಬಳಿಯೂ ಅದು ಇದೆ. ಪಾಸ್‌ವರ್ಡ್ ತಿಳಿದವನು ಪಕ್ಕದವರ ಕೈಕುಲುಕನ್ನೂ ಸೆರೆಹಿಡಿದರೆ ಅವರ ವೈ-ಫೈ ಗೂಢಲಿಪಿಯನ್ನೂ ಬಿಡಿಸಬಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಳಗೆ ಬಂದವರು ಯಾರು ಎಂಬ ಪ್ರಶ್ನೆಗೆ ಆ ಜಾಲದಲ್ಲಿ ಉತ್ತರವೇ ಇಲ್ಲ. ಯಾರೆಂದು ತಿಳಿಯದಿದ್ದರೆ ಅವರನ್ನು ಎಲ್ಲಿ ಕೂರಿಸಬೇಕೆಂಬುದೂ ತಿಳಿಯುವುದಿಲ್ಲ. ಪದರಗಳಾಗಿ ಕಟ್ಟಿದ ಜಾಲದ ಪ್ರಯೋಜನ ಅಲ್ಲಿಗೇ ನಿಲ್ಲುತ್ತದೆ.

ಆಂಟೆನಾದ ಬಳಿಯ ಒಂದು ದೌರ್ಬಲ್ಯ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದಕ್ಕೆ ಅಮೆರಿಕದ ಟಿಜೆಎಕ್ಸ್ ಎಂಬ ಚಿಲ್ಲರೆ ವ್ಯಾಪಾರ ಸಂಸ್ಥೆಯ ಪ್ರಕರಣ ಹಳೆಯದಾದರೂ ಒಳ್ಳೆಯ ಪಾಠ. 2005ರಲ್ಲಿ ಮಿನೆಸೋಟದ ಒಂದು ಅಂಗಡಿಯ ವೈ-ಫೈ ಮೂಲಕ ಕಳ್ಳರು ಒಳಹೊಕ್ಕರು; ಅಲ್ಲಿ ಬಳಕೆಯಲ್ಲಿದ್ದದ್ದು 2001ರಲ್ಲೇ ಮುರಿದುಬಿದ್ದಿದ್ದ ವೆಪ್ ಎಂಬ ವಿಧಾನ. 2007ರಲ್ಲಿ ವಿಷಯ ಹೊರಬಿದ್ದಾಗ ಕಂಪನಿಯೇ ಒಪ್ಪಿಕೊಂಡ ಲೆಕ್ಕದಂತೆ ಕನಿಷ್ಠ 4.57 ಕೋಟಿ ಕಾರ್ಡುಗಳ ವಿವರ ಹೋಗಿತ್ತು. ಗೂಢಲಿಪಿ ದುರ್ಬಲವಾಗಿದ್ದದ್ದು ಮೊದಲ ತಪ್ಪು, ನಿಜ. ಆದರೆ ಅಂಗಡಿಯೊಂದರ ವೈ-ಫೈಯಿಂದ ಹೊರಟವರು ಕೇಂದ್ರ ಕಚೇರಿಯ ಸರ್ವರ್‌ಗಳವರೆಗೆ ನಡೆದುಹೋಗಲು ಸಾಧ್ಯವಾದದ್ದು ಗೂಢಲಿಪಿಯ ತಪ್ಪಲ್ಲ, ಜಾಲದ ಒಳಗಿನ ಬಾಗಿಲುಗಳದ್ದು.

ಹಾಗಾದರೆ ಮೊದಲ ಕೆಲಸ, ಬಂದವರ ಗುರುತು ಹಿಡಿಯುವುದು. ಇದಕ್ಕಿರುವ ಮಾನಕ 802.1ಎಕ್ಸ್. ಸರಳವಾಗಿ ಹೇಳುವುದಾದರೆ ಇದರಲ್ಲಿ ಮೂರು ಪಾತ್ರಗಳು: ಸೇರಬಯಸುವ ಸಾಧನ, ಬಾಗಿಲಲ್ಲಿ ನಿಂತಿರುವ ಆಕ್ಸೆಸ್ ಪಾಯಿಂಟ್ (ವೈ-ಫೈ ಹೊರಡಿಸುವ ಪೆಟ್ಟಿಗೆ) ಅಥವಾ ಅಂಥವನ್ನೆಲ್ಲ ನಿಯಂತ್ರಿಸುವ ಕಂಟ್ರೋಲರ್, ಒಳಗೆ ಕುಳಿತು ತೀರ್ಮಾನ ಹೇಳುವ ರೇಡಿಯಸ್ ಸರ್ವರ್. ಬಾಗಿಲಲ್ಲಿರುವವನಿಗೆ ತೀರ್ಮಾನಿಸುವ ಅಧಿಕಾರವಿಲ್ಲ. ಅವನು ಸಾಧನ ಹೇಳಿದ್ದನ್ನು ಒಳಗೆ ಮುಟ್ಟಿಸಿ, ಒಳಗಿನಿಂದ ಬಂದ ಉತ್ತರದಂತೆ ಬಾಗಿಲು ತೆರೆಯುತ್ತಾನೆ. ಆ ಉತ್ತರದ ಜೊತೆಗೇ ರೇಡಿಯಸ್ ಸರ್ವರ್ ಈ ವ್ಯಕ್ತಿಯನ್ನು ಯಾವ ವಿಲ್ಯಾನಿಗೆ (ಒಂದೇ ಕೇಬಲ್ ಜಾಲದೊಳಗೆ ಬೇರ್ಪಡಿಸಿದ ಉಪಜಾಲ) ಹಾಕಬೇಕು, ಯಾವ ನಿಯಮಗಳನ್ನು ಅನ್ವಯಿಸಬೇಕು ಎಂಬುದನ್ನೂ ಕಳುಹಿಸಬಲ್ಲದು. ಲೆಕ್ಕಪತ್ರ ವಿಭಾಗದವರಿಗೂ ಶೆಡ್ಡಿನ ಮೇಲ್ವಿಚಾರಕರಿಗೂ ಒಂದೇ ವೈ-ಫೈ ಹೆಸರು ಕಂಡರೂ ಅವರು ಇಳಿಯುವ ಜಾಗ ಬೇರೆ ಬೇರೆ. ವಿಭಾಗಕ್ಕೊಂದು ವೈ-ಫೈ ಹೆಸರು ಹುಟ್ಟುಹಾಕುವ ಪದ್ಧತಿಗೆ ಇದರಿಂದ ಕೊನೆ ಬೀಳುತ್ತದೆ. ಪ್ರತಿ ಹೆಸರೂ ತಾನಿದ್ದೇನೆಂದು ಪದೇ ಪದೇ ಸಾರುವ ತನ್ನ ಬೀಕನ್‌ಗಳಿಂದ ಗಾಳಿಯ ಸಮಯವನ್ನು ತಿನ್ನುವುದರಿಂದ, ಮೂರ್ನಾಲ್ಕಕ್ಕಿಂತ ಹೆಚ್ಚು ಹೆಸರು ಇಡದಿರುವುದು ವೇಗದ ದೃಷ್ಟಿಯಿಂದಲೂ ಒಳ್ಳೆಯದು.

ಇಲ್ಲಿಯವರೆಗೆ ಬಂದ ಬಹುಪಾಲು ಸಂಸ್ಥೆಗಳು ಎಡವುವುದು ಮುಂದಿನ ಹೆಜ್ಜೆಯಲ್ಲಿ. 802.1ಎಕ್ಸ್ ಎಂಬುದು ಚೌಕಟ್ಟು ಮಾತ್ರ. ಅದರೊಳಗೆ ಗುರುತನ್ನು ಹೇಗೆ ಸಾಬೀತುಪಡಿಸುತ್ತೀರಿ ಎಂಬುದು ಬೇರೆ ಆಯ್ಕೆ. ಸುಲಭವೆಂದು ಹೆಚ್ಚಿನವರು ಪೀಪ್ ಎಂಬ ವಿಧಾನ ಹಿಡಿದು, ಕಂಪನಿಯ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನೇ ವೈ-ಫೈಗೂ ಬಳಸುತ್ತಾರೆ. ಪೀಪ್‌ನಲ್ಲಿ ಸರ್ವರಿನ ಪ್ರಮಾಣಪತ್ರದ (ತಾನು ಯಾರೆಂದು ಸಾಬೀತುಪಡಿಸುವ ಡಿಜಿಟಲ್ ಗುರುತುಚೀಟಿ) ಆಧಾರದಲ್ಲಿ ಮೊದಲು ಗೂಢಲಿಪಿಯ ಒಂದು ಸುರಂಗ ತಯಾರಾಗುತ್ತದೆ; ಪಾಸ್‌ವರ್ಡಿನ ವ್ಯವಹಾರ ಎಂಎಸ್-ಚಾಪ್ 2 ಎಂಬ ಹಳೆಯ ಕ್ರಮದಲ್ಲಿ ಅದರೊಳಗೆ ನಡೆಯುತ್ತದೆ. ಸಾಧನ ಆ ಪ್ರಮಾಣಪತ್ರವನ್ನು ಪರೀಕ್ಷಿಸದೆ ಒಪ್ಪಿಕೊಂಡರೆ, ನಿಮ್ಮ ವೈ-ಫೈ ಹೆಸರನ್ನೇ ಇಟ್ಟುಕೊಂಡು ಗೇಟಿನ ಬಳಿ ಕುಳಿತ ನಕಲಿ ಆಕ್ಸೆಸ್ ಪಾಯಿಂಟಿನೊಂದಿಗೂ ಅದು ಅಷ್ಟೇ ವಿಶ್ವಾಸದಿಂದ ಸುರಂಗ ಕಟ್ಟುತ್ತದೆ. ಹಾಗೆ ಸಿಕ್ಕ ಎಂಎಸ್-ಚಾಪ್ 2 ವಿನಿಮಯವನ್ನು ಮುರಿಯುವ ಕೆಲಸ ಕೇವಲ 56 ಬಿಟ್‌ಗಳ ಒಂದು ಡಿಇಎಸ್ (ಹಳೆಯ ಗೂಢಲಿಪಿ ಪದ್ಧತಿ) ಕೀಲಿಯನ್ನು ಹುಡುಕುವುದಕ್ಕೆ ಸಮ ಎಂದು 2012ರಲ್ಲೇ ತೋರಿಸಲಾಗಿದೆ. ಅಂದರೆ ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ ಪ್ರಯೋಜನವಿಲ್ಲ. ಫೋನಿನಲ್ಲಿ ಸಂಪರ್ಕಿಸುವಾಗ ಪ್ರಮಾಣಪತ್ರದ ಜಾಗದಲ್ಲಿ 'ಪರಿಶೀಲಿಸಬೇಡ' ಎಂದು ಆಯ್ಕೆ ಮಾಡಿಕೊಳ್ಳಿ ಎಂದು ಸಂಸ್ಥೆಯೇ ಸುತ್ತೋಲೆ ಹೊರಡಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಓದಿದ್ದೇನೆ. ಆಂಡ್ರಾಯ್ಡ್ 11ರ ಹೊತ್ತಿಗೆ ಆ ಆಯ್ಕೆಯನ್ನೇ ತೆಗೆಯಲು ತೊಡಗಿದ್ದು ಒಳ್ಳೆಯದಾಯಿತು. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದೀಚೆಗೆ ಎಂಟರ್‌ಪ್ರೈಸ್ ಬಗೆಯ ವಿಂಡೋಸ್ ಇರುವ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಪಾಸ್‌ವರ್ಡ್ ಗುಟ್ಟುಗಳನ್ನು ಕಾಯುವ ಕ್ರೆಡೆನ್ಷಿಯಲ್ ಗಾರ್ಡ್ ತಾನಾಗಿ ಚಾಲೂ ಆಗುವುದರಿಂದ, ಲಾಗಿನ್ ಪಾಸ್‌ವರ್ಡನ್ನೇ ಎಂಎಸ್-ಚಾಪ್ 2 ಮೂಲಕ ವೈ-ಫೈಗೂ ದಾಟಿಸುವ ಅನುಕೂಲ ಅಲ್ಲಿ ನಿಂತುಹೋಗಿದೆ. ನೀವು ಈಗ ಪೀಪ್‌ನಿಂದ ಆರಂಭಿಸಿದರೆ ಮುಚ್ಚಿಕೊಳ್ಳುತ್ತಿರುವ ದಾರಿಗೆ ಕಾಲಿಟ್ಟಂತೆ.

ಪಾಸ್‌ವರ್ಡ್ ಆಧಾರಿತ ವೈ-ಫೈ ಏಕೆ ಸಾಲದೆಂಬುದಕ್ಕೆ ಇತ್ತೀಚಿನ, ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಉದಾಹರಣೆಯನ್ನು ವೊಲೆಕ್ಸಿಟಿ ಎಂಬ ಭದ್ರತಾ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. ಘಟನೆ ನಡೆದದ್ದು 2022ರ ಆರಂಭದಲ್ಲಿ, ಉಕ್ರೇನ್ ಮೇಲಿನ ಆಕ್ರಮಣಕ್ಕೆ ಸ್ವಲ್ಪ ಮುಂಚೆ. ರಷ್ಯಾದ ಎಪಿಟಿ28 ಎಂಬ ಹ್ಯಾಕರ್ ಗುಂಪಿನ ಕೃತ್ಯವೆಂದು ಗುರುತಿಸಲಾಗಿದೆ. ದಾಳಿಕೋರರು ಗುರಿಯ ಸಂಸ್ಥೆಯ ನೌಕರರ ಪಾಸ್‌ವರ್ಡ್‌ಗಳನ್ನು ಇಂಟರ್ನೆಟ್‌ಗೆ ತೆರೆದಿದ್ದ ಒಂದು ಸೇವೆಯ ಮೇಲೆ ಪ್ರಯೋಗಿಸಿ ಪತ್ತೆಹಚ್ಚಿದ್ದರು. ಆದರೆ ಅಲ್ಲಿ ಎರಡನೆಯ ಹಂತದ ದೃಢೀಕರಣ ಇದ್ದುದರಿಂದ ಒಳಗೆ ಹೋಗಲಾಗಲಿಲ್ಲ. ಅದೇ ಸಂಸ್ಥೆಯ ವೈ-ಫೈಗೆ ಮಾತ್ರ ಹೆಸರು ಮತ್ತು ಪಾಸ್‌ವರ್ಡ್ ಇಷ್ಟೇ ಸಾಕಾಗಿತ್ತು. ಸಾವಿರಾರು ಮೈಲಿ ದೂರದಲ್ಲಿರುವವರು ವೈ-ಫೈ ಹಿಡಿಯುವುದು ಹೇಗೆ? ಹತ್ತಿರದ ಕಟ್ಟಡದ ಬೇರೊಂದು ಸಂಸ್ಥೆಯ ಜಾಲವನ್ನು ಮೊದಲು ವಶಪಡಿಸಿಕೊಂಡು, ಅಲ್ಲಿ ಕೇಬಲ್ ಸಂಪರ್ಕವೂ ವೈ-ಫೈ ಕಾರ್ಡೂ ಇದ್ದ ಒಂದು ಕಂಪ್ಯೂಟರನ್ನು ಹುಡುಕಿ, ಆ ಕಂಪ್ಯೂಟರಿನ ರೇಡಿಯೋದಿಂದ ಪಕ್ಕದ ಗುರಿಯ ವೈ-ಫೈಗೆ ಸೇರಿದರು. ಕಾಂಪೌಂಡಿನಾಚೆ ವೈ-ಫೈ ತಲುಪುವುದಿಲ್ಲ, ಯಾರಾದರೂ ಬಂದು ಕೂತರೆ ಸೆಕ್ಯುರಿಟಿಯವರಿಗೆ ಕಾಣುತ್ತದೆ ಎಂಬ ಭರವಸೆಗೆ ಇನ್ನು ಅರ್ಥವಿಲ್ಲ. ನಿಮ್ಮ ಕೈಗಾರಿಕಾ ಪ್ರದೇಶದಲ್ಲಿ ನೆರೆಯ ಶೆಡ್ಡಿನ ಕಂಪ್ಯೂಟರ್ ಎಷ್ಟು ಮೀಟರ್ ದೂರದಲ್ಲಿದೆ ಎಂದು ಒಮ್ಮೆ ಯೋಚಿಸಿ.

ಆದ್ದರಿಂದ ನನ್ನ ಸಲಹೆ ನೇರವಾಗಿ ಇಎಪಿ-ಟಿಎಲ್‌ಎಸ್‌ಗೆ ಹೋಗಿ ಎಂಬುದು. ಇದರಲ್ಲಿ ಸರ್ವರಿನಂತೆಯೇ ಸಾಧನಕ್ಕೂ ಒಂದು ಪ್ರಮಾಣಪತ್ರ ಇರುತ್ತದೆ, ಎರಡೂ ಕಡೆಯವರು ಪರಸ್ಪರ ಗುರುತು ಪರೀಕ್ಷಿಸುತ್ತಾರೆ, ಕದಿಯಲು ಪಾಸ್‌ವರ್ಡೇ ಇರುವುದಿಲ್ಲ. ಖಾಸಗಿ ಕೀಲಿಯನ್ನು ಲ್ಯಾಪ್‌ಟಾಪಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿ, ಹೊರತೆಗೆಯಲಾಗದಂತೆ ಇರಿಸಿದರೆ ಅದನ್ನು ನಕಲು ಮಾಡಿಕೊಂಡು ಹೋಗುವುದೂ ಆಗದು. ಇದಕ್ಕೆ ಬೇಕಾದ ಪ್ರಮಾಣಪತ್ರ ಪ್ರಾಧಿಕಾರವನ್ನು, ಅಂದರೆ ಅವಕ್ಕೆ ಸಹಿ ಹಾಕಿ ಕೊಡುವ ವ್ಯವಸ್ಥೆಯನ್ನು, ನೀವೇ ಕಟ್ಟಿಕೊಳ್ಳಬಹುದು. ಮೂಲ ಕೀಲಿ ಇರುವ ಯಂತ್ರ ಜಾಲದಿಂದ ಹೊರಗಿರಲಿ, ದಿನನಿತ್ಯ ಪ್ರಮಾಣಪತ್ರ ಕೊಡುವ ಕೆಲಸವನ್ನು ಅದರಡಿಯ ಇನ್ನೊಂದು ಯಂತ್ರ ಮಾಡಲಿ. ಹಂಚಿಕೆಗೆ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಗ್ರೂಪ್ ಪಾಲಿಸಿ, ಫೋನುಗಳಲ್ಲಿ ಸಾಧನ ನಿರ್ವಹಣಾ ತಂತ್ರಾಂಶ ಬಳಸಿ. ಕೈಯಿಂದ ಒಂದೊಂದಾಗಿ ಹಾಕಲು ಹೊರಟರೆ ಆರುನೂರರಲ್ಲಿ ನೂರನೆಯದಕ್ಕೆ ಸುಸ್ತಾಗಿ ಯಾರೋ ಅಡ್ಡದಾರಿ ಹಿಡಿಯುತ್ತಾರೆ. ಯಾವ ಸರ್ವರಿನ ಹೆಸರನ್ನು, ಯಾವ ಪ್ರಾಧಿಕಾರವನ್ನು ಮಾತ್ರ ನಂಬಬೇಕೆಂಬುದನ್ನು ಅದೇ ಪ್ರೊಫೈಲಿನಲ್ಲಿ ಕಟ್ಟಿಹಾಕಿ, ಬಳಕೆದಾರರಿಗೆ ಪ್ರಶ್ನೆ ಕೇಳುವ ಕಿಟಕಿಯೇ ಬಾರದಂತೆ ಮಾಡಿ. ನೌಕರರು ಬಿಟ್ಟುಹೋದ ದಿನ ಪ್ರಮಾಣಪತ್ರ ರದ್ದಾಗಬೇಕು, ರದ್ದಾದದ್ದನ್ನು ರೇಡಿಯಸ್ ಸರ್ವರ್ ನೋಡುವಂತಿರಬೇಕು. ಈ ಎರಡನೆಯದನ್ನು ಚಾಲೂ ಮಾಡಲು ಮರೆತ ಕಡೆಗಳೇ ಹೆಚ್ಚು. ಅವಧಿ ಮುಗಿಯುವ ದಿನಾಂಕದ ಮೇಲೂ ಕಣ್ಣಿರಲಿ. ಸರ್ವರಿನ ಪ್ರಮಾಣಪತ್ರ ಒಂದು ಭಾನುವಾರ ಮಧ್ಯರಾತ್ರಿ ಮುಗಿದರೆ ಸೋಮವಾರ ಬೆಳಿಗ್ಗೆ ಇಡೀ ಕಂಪನಿ ನಿಮ್ಮ ಮೇಜಿನ ಮುಂದೆ ನಿಂತಿರುತ್ತದೆ.

ಇನ್ನು ಪದರಗಳ ಮಾತು. ವೈ-ಫೈಯಲ್ಲಿ ಬಂದ ದತ್ತಾಂಶ ನಿಮ್ಮ ಕೇಬಲ್ ಜಾಲದಲ್ಲಿ ನಿಜವಾಗಿ ಕಾಲೂರುವುದು ಎಲ್ಲಿ ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಉಳಿದ ತೀರ್ಮಾನಗಳೆಲ್ಲ ಅದರ ಮೇಲೆ ನಿಂತಿವೆ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಆಕ್ಸೆಸ್ ಪಾಯಿಂಟ್‌ಗಳು ಎಲ್ಲವನ್ನೂ ಕ್ಯಾಪ್‌ವ್ಯಾಪ್‌ನಂಥ ಸುರಂಗದಲ್ಲಿ ತುಂಬಿ ಕೇಂದ್ರದ ಕಂಟ್ರೋಲರ್‌ಗೆ ಸಾಗಿಸುತ್ತವೆ. ಬಳಕೆದಾರರ ವಿಲ್ಯಾನ್‌ಗಳು ಹೊರಬರುವುದು ಕಂಟ್ರೋಲರ್ ಇರುವ ಜಾಗದಲ್ಲಿ. ಇನ್ನೊಂದರಲ್ಲಿ ಆಕ್ಸೆಸ್ ಪಾಯಿಂಟ್ ತಾನಿರುವಲ್ಲಿಯೇ, ಆಕ್ಸೆಸ್ ಸ್ವಿಚ್ಚಿನ ಪೋರ್ಟಿಗೇ ದತ್ತಾಂಶವನ್ನು ಇಳಿಸುತ್ತದೆ. ಮೊದಲ ಬಗೆಯಲ್ಲಿ ಆಕ್ಸೆಸ್ ಪಾಯಿಂಟಿನ ಪೋರ್ಟಿಗೆ ಒಂದೇ ಒಂದು ನಿರ್ವಹಣಾ ವಿಲ್ಯಾನ್ ಸಾಕು. ಅಲ್ಲಿಂದ ಕಂಟ್ರೋಲರಿನ ಯುಡಿಪಿ 5246 ಮತ್ತು 5247 ಪೋರ್ಟುಗಳಿಗೆ (ಇವು ಕೇಬಲ್ ಸಿಕ್ಕಿಸುವ ಜಾಗಗಳಲ್ಲ, ಸೇವೆಗಳ ಸಂಖ್ಯೆಗಳು) ಮತ್ತು ವಿಳಾಸ ಪಡೆಯುವಂಥ ಕೆಲವೇ ಸೇವೆಗಳಿಗೆ ಬಿಟ್ಟು ಬೇರೆಲ್ಲಿಗೂ ದಾರಿ ಇರಬೇಕಿಲ್ಲ. ಎರಡನೆಯದರಲ್ಲಿ ಅದೇ ಪೋರ್ಟು ಟ್ರಂಕ್ ಆಗಿ, ವೈ-ಫೈಗೆ ಸೇರಿದ ವಿಲ್ಯಾನ್‌ಗಳನ್ನೆಲ್ಲ ಹೊತ್ತು ನಿಂತಿರುತ್ತದೆ.

ಈ ಟ್ರಂಕ್ ಪೋರ್ಟು ಎಷ್ಟು ದೊಡ್ಡ ಬಾಗಿಲು ಎಂಬುದು ಕಣ್ಣಾರೆ ನೋಡದೆ ಮನಸ್ಸಿಗೆ ನಾಟುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಜಾಲವನ್ನು ಅವರ ಅನುಮತಿಯಿಂದಲೇ ಪರೀಕ್ಷಿಸುತ್ತಿದ್ದಾಗ, ಕ್ಯಾಂಟೀನಿನ ಗೋಡೆಯಲ್ಲಿ ಕೈಗೆಟುಕುವ ಎತ್ತರದಲ್ಲಿದ್ದ ಆಕ್ಸೆಸ್ ಪಾಯಿಂಟಿನ ಕೇಬಲನ್ನು ಕಿತ್ತು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ವಿಲ್ಯಾನ್ ಸಂಖ್ಯೆಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತ ಹೋದಾಗ ಚಹಾ ಆರುವಷ್ಟರಲ್ಲಿ ಲೆಕ್ಕಪತ್ರ ವಿಭಾಗದ ವಿಲ್ಯಾನಿನಲ್ಲಿ ಐಪಿ ವಿಳಾಸ ಸಿಕ್ಕಿತು. ಗಾಳಿಯಲ್ಲಿ ಅವರ ವೈ-ಫೈ ಬಹಳ ಭದ್ರವಾಗಿತ್ತು. ಇಎಪಿ-ಟಿಎಲ್‌ಎಸ್ ಕೂಡ ಇತ್ತು. ಗೋಡೆಯ ಕೇಬಲ್ ಮಾತ್ರ ಯಾರ ಗುರುತನ್ನೂ ಕೇಳಲಿಲ್ಲ.

ಹಾಗಾಗಿ ಆಕ್ಸೆಸ್ ಪದರದಲ್ಲಿ ನಿಮ್ಮ ಕೆಲಸ ಬಹುಪಾಲು ಪೋರ್ಟಿನ ಕೆಲಸ. ಆಕ್ಸೆಸ್ ಪಾಯಿಂಟೇ ಸ್ವಿಚ್ಚಿನ ಮುಂದೆ 802.1ಎಕ್ಸ್ ಮೂಲಕ ತನ್ನ ಗುರುತು ಹೇಳಿಕೊಳ್ಳುವ ಸೌಲಭ್ಯ ಈಗಿನ ಹೆಚ್ಚಿನ ಕಂಪನಿ ದರ್ಜೆಯ ಉಪಕರಣಗಳಲ್ಲಿದೆ. ಅದನ್ನು ಚಾಲೂ ಮಾಡಿ. ಟ್ರಂಕ್ ಅನಿವಾರ್ಯವಾದರೆ ಅದರ ಮೇಲೆ ಬೇಕಾದ ವಿಲ್ಯಾನ್‌ಗಳನ್ನು ಮಾತ್ರ ಬಿಡಿ, ವಿಲ್ಯಾನ್ ಸಂಖ್ಯೆಯ ಟ್ಯಾಗ್ ಇಲ್ಲದೆ ಬರುವ ಫ್ರೇಮುಗಳಿಗೆ ಯಾರೂ ಬಳಸದ ವಿಲ್ಯಾನ್ ಕೊಡಿ. ಬಿಪಿಡಿಯು ಗಾರ್ಡ್ (ಅನುಮತಿಯಿಲ್ಲದ ಸ್ವಿಚ್ ಸೇರದಂತೆ), ಡಿಎಚ್‌ಸಿಪಿ ಸ್ನೂಪಿಂಗ್ (ಐಪಿ ವಿಳಾಸವನ್ನು ನಕಲಿ ಸರ್ವರ್ ಹಂಚದಂತೆ), ಎಆರ್‌ಪಿ ತಪಾಸಣೆ (ಬೇರೆಯವರ ವಿಳಾಸದ ಸೋಗು ಹಾಕದಂತೆ) ಇವು ನಿಮ್ಮ ಸ್ವಿಚ್ಚುಗಳಲ್ಲಿ ಈಗಾಗಲೇ ಇರುತ್ತವೆ, ಹೆಚ್ಚಿನ ದುಡ್ಡು ಕೇಳುವುದಿಲ್ಲ. ಉಳಿದ ಗೋಡೆ ಪೋರ್ಟುಗಳಿಗೂ 802.1ಎಕ್ಸ್ ಬರಬೇಕು. ಇಲ್ಲವಾದರೆ ಸಿಗ್ನಲ್ ಬರುತ್ತಿಲ್ಲವೆಂದು ಬೇಸತ್ತ ಯಾರೋ ಒಬ್ಬರು ಅಂಗಡಿಯಿಂದ ಸಾವಿರದೈನೂರು ರೂಪಾಯಿಯ ರೂಟರ್ ತಂದು ಮೇಜಿನ ಕೆಳಗೆ ಸಿಕ್ಕಿಸುತ್ತಾರೆ. ಅದರ ಪಾಸ್‌ವರ್ಡ್ ಅವರ ಮಗುವಿನ ಹೆಸರಾಗಿರುತ್ತದೆ. ಇಂಥ ಕಳ್ಳ ಆಕ್ಸೆಸ್ ಪಾಯಿಂಟ್‌ಗಳನ್ನು ಗಾಳಿಯಲ್ಲಿ ಪತ್ತೆಹಚ್ಚುವ ವ್ಯವಸ್ಥೆ ಕಂಟ್ರೋಲರ್‌ಗಳಲ್ಲಿರುತ್ತದೆ, ಪತ್ತೆ ಮಾಡಲಿ. ಆದರೆ ಅದರೊಂದಿಗೇ ಬರುವ, ಎದುರಿನ ಸಂಪರ್ಕಗಳನ್ನು ಬಲವಂತವಾಗಿ ಕತ್ತರಿಸುವ ಗುಂಡಿಯನ್ನು ಒತ್ತಬೇಡಿ. ಗಾಳಿಯಲ್ಲಿ ಕಂಡದ್ದೆಲ್ಲ ನಿಮ್ಮದಲ್ಲ; ನೆರೆಯವರದ್ದೂ ಇರಬಹುದು, ಬಂದವರ ಫೋನಿನ ಹಾಟ್‌ಸ್ಪಾಟ್ ಇರಬಹುದು. ನ್ಯಾಷ್‌ವಿಲ್ಲಿನ ತನ್ನ ಹೋಟೆಲೊಂದರಲ್ಲಿ ಅತಿಥಿಗಳ ಹಾಟ್‌ಸ್ಪಾಟ್‌ಗಳನ್ನು ಹೀಗೆ ಕತ್ತರಿಸಿದ್ದಕ್ಕೆ ಮ್ಯಾರಿಯಟ್ 2014ರಲ್ಲಿ ಅಮೆರಿಕದ ಸಂಪರ್ಕ ಆಯೋಗಕ್ಕೆ 6 ಲಕ್ಷ ಡಾಲರ್ ತೆರಬೇಕಾಯಿತು.

ನಿಮ್ಮ ಗಾತ್ರದ ಸಂಸ್ಥೆಗೆ ನಾನು ಸುರಂಗದ ಬಗೆಯನ್ನೇ ಸೂಚಿಸುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಕ್ಯಾಪ್‌ವ್ಯಾಪ್‌ನಲ್ಲಿ ನಿಯಂತ್ರಣ ಸಂದೇಶಗಳಿಗೆ ಗೂಢಲಿಪಿ ಕಡ್ಡಾಯ; ಬಳಕೆದಾರರ ದತ್ತಾಂಶಕ್ಕೆ ಅದು ಐಚ್ಛಿಕ. ವೈ-ಫೈಯ ಗೂಢಲಿಪಿ ಸಾಮಾನ್ಯವಾಗಿ ಆಕ್ಸೆಸ್ ಪಾಯಿಂಟಿನಲ್ಲೇ ಬಿಚ್ಚಿಕೊಳ್ಳುವುದರಿಂದ, ಅಲ್ಲಿಂದ ಕಂಟ್ರೋಲರ್‌ವರೆಗಿನ ಕೇಬಲಿನಲ್ಲಿ ದತ್ತಾಂಶ ಸುರಂಗದೊಳಗಿದ್ದರೂ ಬಯಲಾಗಿಯೇ ಹೋಗುತ್ತಿರಬಹುದು. ಶೆಡ್ಡುಗಳಿಂದ ಆಡಳಿತ ಕಟ್ಟಡಕ್ಕೆ ಹೊರಾಂಗಣದಲ್ಲಿ ಎಳೆದ ಸಾಲು ಅಥವಾ ಬೀಗವಿಲ್ಲದ ಸ್ವಿಚ್ ಪೆಟ್ಟಿಗೆ ನಿಮ್ಮಲ್ಲಿದ್ದರೆ, ಆ ದತ್ತಾಂಶ ಸುರಂಗಕ್ಕೂ ಡಿಟಿಎಲ್‌ಎಸ್ ಗೂಢಲಿಪಿ ಹಾಕಿ. ವೇಗ ಸ್ವಲ್ಪ ಇಳಿಯಬಹುದು, ನಿಮ್ಮ ಬಳಕೆಗೆ ಅದು ತೊಡಕಾಗಲಾರದು.

ಡಿಸ್ಟ್ರಿಬ್ಯೂಷನ್ ಪದರವೇ ನಿಮ್ಮ ನಿಜವಾದ ಚೆಕ್‌ಪೋಸ್ಟ್. ವಿಲ್ಯಾನ್‌ಗಳು ಮುಗಿದು ರೂಟಿಂಗ್ ಆರಂಭವಾಗುವುದು ಇಲ್ಲಿ. ಒಂದು ವಿಲ್ಯಾನಿನಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಪ್ಯಾಕೆಟ್ಟೂ ಇಲ್ಲಿಯ ಗೇಟ್‌ವೇಯನ್ನು ಹಾದೇ ಹೋಗಬೇಕು. ವಿಲ್ಯಾನ್ ಬೇರೆಯಾದ ಮಾತ್ರಕ್ಕೆ ಭದ್ರತೆ ಬಂದಿತೆಂದು ತಿಳಿಯುವವರು ಬಹಳ. ನಿಯಮ ಬರೆಯದಿದ್ದರೆ ಡಿಸ್ಟ್ರಿಬ್ಯೂಷನ್ ಸ್ವಿಚ್ ಎಲ್ಲ ವಿಲ್ಯಾನ್‌ಗಳನ್ನೂ ತಾನಾಗಿಯೇ ಒಂದಕ್ಕೊಂದು ಜೋಡಿಸಿಬಿಡುತ್ತದೆ, ಅದರ ಕೆಲಸವೇ ಅದು. ವೈ-ಫೈ ಕಂಟ್ರೋಲರನ್ನು ಇಲ್ಲಿಗೆ, ಸಾಧ್ಯವಾದರೆ ಫೈರ್‌ವಾಲಿನ ಹಿಂದಿನ ಪ್ರತ್ಯೇಕ ಸೇವಾ ಗುಂಪಿಗೆ ಜೋಡಿಸಿ, ವೈ-ಫೈಯಿಂದ ಬಂದ ಪ್ರತಿ ವರ್ಗದವರೂ ಯಾವ ಸರ್ವರಿನ ಯಾವ ಪೋರ್ಟಿಗೆ ಹೋಗಬಹುದೆಂದು ಬರೆದು, ಉಳಿದದ್ದನ್ನು ತಡೆಯಿರಿ. ಯಂತ್ರಗಳನ್ನು ನಡೆಸುವ ಪಿಎಲ್‌ಸಿ ನಿಯಂತ್ರಕಗಳಿರುವ ಜಾಲಕ್ಕೆ ವೈ-ಫೈಯಿಂದ ನೇರ ದಾರಿ ಯಾರಿಗೂ ಬೇಡ. ದುರಸ್ತಿ ಎಂಜಿನಿಯರಿಗೆ ಬೇಕಾದರೆ ಮಧ್ಯೆ ಒಂದು ಜಂಪ್ ಸರ್ವರ್ (ಮೊದಲು ಲಾಗಿನ್ ಆಗಬೇಕಾದ ಕಾವಲು ಯಂತ್ರ) ಇರಲಿ. ಕೋರ್ ಪದರದಲ್ಲಿ ಮಾತ್ರ ಏನನ್ನೂ ಬರೆಯಬೇಡಿ. ಬಂದದ್ದನ್ನು ವೇಗವಾಗಿ ದಾಟಿಸುವುದಷ್ಟೇ ಅದರ ಕೆಲಸ. ಅಲ್ಲಿ ನಿಯಮ ಬರೆದರೆ ದೋಷ ಹುಡುಕುವ ದಿನ ನೀವೇ ಪರದಾಡುತ್ತೀರಿ. ಆರುನೂರು ಬಳಕೆದಾರರ ಜಾಲದಲ್ಲಿ ಕೋರ್ ಮತ್ತು ಡಿಸ್ಟ್ರಿಬ್ಯೂಷನ್ ಒಂದೇ ಜೋಡಿ ಸ್ವಿಚ್ಚಿನಲ್ಲಿ ಕೂಡಿಕೊಂಡಿದ್ದರೂ ತಪ್ಪೇನಿಲ್ಲ. ಆಗ ನಿಯಮಗಳು ಬಳಕೆದಾರರ ಕಡೆಯ ಗೇಟ್‌ವೇಗಳ ಮೇಲಿರಲಿ, ಮಧ್ಯದ ಕೊಂಡಿಗಳ ಮೇಲೆ ಬೇಡ.

ಅತಿಥಿಗಳ ವೈ-ಫೈಯನ್ನು ಪೂರ್ತಿ ಬೇರೆಯಾಗಿಡಬೇಕು. ಅದರ ದತ್ತಾಂಶ ಸುರಂಗದಲ್ಲೇ ಸಾಗಿ ಫೈರ್‌ವಾಲಿನ ಹೊರಮಗ್ಗುಲಿನಲ್ಲಿ ಇಳಿದು ಅಲ್ಲಿಂದಲೇ ಇಂಟರ್ನೆಟ್‌ಗೆ ಹೋಗಲಿ, ಅತಿಥಿ ಸಾಧನಗಳು ಪರಸ್ಪರ ಮಾತಾಡದಂತೆ ತಡೆಯಿರಲಿ. ಇಲ್ಲಿ ಮತ್ತೆ ವೊಲೆಕ್ಸಿಟಿಯ ವರದಿ ನೆನಪಾಗುತ್ತದೆ: ಹೊರದೂಡಿದ ಮೇಲೆ ದಾಳಿಕೋರರು ಮರಳಿ ಬಂದದ್ದು ಸಂಸ್ಥೆ ಪೂರ್ತಿ ಬೇರೆಯೆಂದು ನಂಬಿದ್ದ ಅತಿಥಿ ವೈ-ಫೈಯಿಂದ. ಕೇಬಲ್ ಜಾಲಕ್ಕೂ ವೈ-ಫೈಗೂ ಎರಡಕ್ಕೂ ಸಿಗುವಂತಿದ್ದ ಒಂದೇ ಒಂದು ಯಂತ್ರ ಅವರಿಗೆ ಸೇತುವೆಯಾಯಿತು. ಎರಡು ಜಾಲಗಳಲ್ಲಿ ಕಾಲಿಟ್ಟ ಯಂತ್ರಗಳು ನಿಮ್ಮಲ್ಲಿ ಎಷ್ಟಿವೆ ಎಂಬ ಪಟ್ಟಿ ಮಾಡಿ. ಮುದ್ರಕಗಳನ್ನೂ ಸಭಾಂಗಣದ ಪರದೆ ಯಂತ್ರಗಳನ್ನೂ ಮರೆಯಬೇಡಿ. ಅತಿಥಿಗಳನ್ನು ದೂರವಾಣಿ ಸಂಖ್ಯೆ ಅಥವಾ ಅವರನ್ನು ಕರೆಸಿಕೊಂಡ ನೌಕರರ ಅನುಮೋದನೆಯ ಮೂಲಕ ಗುರುತಿಸುವ ಪದ್ಧತಿಯನ್ನೂ ಇಡಿ. 2008ರ ಜುಲೈ 26ರಂದು ಅಹಮದಾಬಾದ್ ಸರಣಿ ಸ್ಫೋಟಗಳಿಗೆ ಸ್ವಲ್ಪ ಮುಂಚೆ ಹೊರಟ ಬೆದರಿಕೆಯ ಇ-ಮೇಲ್ ನವಿ ಮುಂಬೈಯ ಯಾರದೋ ಮನೆಯ ವೈ-ಫೈ ಸಂಪರ್ಕದ ಮೂಲಕ ಹೋಗಿತ್ತು. ತನಿಖೆಯವರು ಮೊದಲು ಬಾಗಿಲು ತಟ್ಟಿದ್ದು ಆ ಸಂಪರ್ಕದ ಒಡೆಯರದ್ದು.

ಗೋದಾಮಿನ ಸ್ಕ್ಯಾನರ್‌ಗಳಿಗೆ ಬರೋಣ. ಇವುಗಳಿಗಾಗಿ ಇಡೀ ಕಂಪನಿಯನ್ನು ಹಳೆಯ ವಿಧಾನದಲ್ಲಿ ನಿಲ್ಲಿಸಬೇಡಿ, ಇವುಗಳನ್ನು ಎಸೆಯುವ ಅಗತ್ಯವೂ ಇಲ್ಲ. ಅವಕ್ಕೆ ಬೇರೆ ವೈ-ಫೈ ಹೆಸರು ಕೊಟ್ಟು, ಅದು ಗೋದಾಮಿನ ಆಕ್ಸೆಸ್ ಪಾಯಿಂಟ್‌ಗಳಲ್ಲಿ ಮಾತ್ರ ಬರುವಂತೆ ಮಾಡಿ. ಸಾಧನಕ್ಕೊಂದು ಪಾಸ್‌ವರ್ಡ್ ಕೊಡುವ ಸೌಲಭ್ಯವನ್ನು ಹಲವು ತಯಾರಕರು ಬೇರೆ ಬೇರೆ ಹೆಸರಿನಲ್ಲಿ ಕೊಡುತ್ತಾರೆ. ಅದನ್ನು ಬಳಸಿದರೆ ಒಂದು ಸ್ಕ್ಯಾನರ್ ಕಳೆದುಹೋದಾಗ ಅದರದ್ದೊಂದನ್ನೇ ಅಳಿಸಬಹುದು. ಆ ವಿಲ್ಯಾನಿನಿಂದ ಗೋದಾಮು ತಂತ್ರಾಂಶದ ಸರ್ವರಿಗೆ, ಅದರ ಒಂದೆರಡು ಪೋರ್ಟುಗಳಿಗೆ ಮಾತ್ರ ದಾರಿ. ಇಂಟರ್ನೆಟ್ ಬೇಡವೇ ಬೇಡ. ಯಾರಾದರೂ ಆ ಪಾಸ್‌ವರ್ಡ್ ಕದ್ದರೂ ಅವರ ಕೈಗೆ ಸಿಗುವುದು ಒಂದು ಓಣಿ, ಊರಲ್ಲ.

ಉಳಿದವರಿಗೆ ಡಬ್ಲ್ಯುಪಿಎ3 ಎಂಟರ್‌ಪ್ರೈಸ್‌ಗೆ ಹೋಗುವುದು ದೊಡ್ಡ ಜಿಗಿತವೇನಲ್ಲ. ಅದರಲ್ಲಿ ಮುಖ್ಯವಾದದ್ದು ನಿರ್ವಹಣಾ ಫ್ರೇಮುಗಳ ರಕ್ಷಣೆ ಕಡ್ಡಾಯವಾಗಿರುವುದು. ಅದಿಲ್ಲದ ಜಾಲದಲ್ಲಿ ಯಾರು ಬೇಕಾದರೂ ಆಕ್ಸೆಸ್ ಪಾಯಿಂಟಿನ ಹೆಸರಿನಲ್ಲಿ ಸುಳ್ಳು ಸಂದೇಶ ಕಳುಹಿಸಿ ನಿಮ್ಮ ಸಾಧನಗಳನ್ನು ಹೊರದೂಡಬಹುದು, ಮತ್ತೆ ಸೇರುವಾಗಿನ ವಿನಿಮಯವನ್ನು ಸೆರೆಹಿಡಿಯಬಹುದು. 2020ರ ಜುಲೈಯಿಂದ ವೈ-ಫೈ ಪ್ರಮಾಣೀಕರಣಕ್ಕೆ ಡಬ್ಲ್ಯುಪಿಎ3 ಕಡ್ಡಾಯವಾಗಿರುವುದರಿಂದ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆ ಬಾರದು. ಎಲ್ಲಿಯಾದರೂ ಹಂಚಿದ ಪಾಸ್‌ವರ್ಡ್ ಉಳಿಸಿಕೊಳ್ಳಲೇಬೇಕಾದರೆ, ಸಾಧನ ಒಪ್ಪುವುದಾದರೆ, ಡಬ್ಲ್ಯುಪಿಎ3ಯ ಎಸ್‌ಎಇ ವಿಧಾನ ಬಳಸಿ. ಅದರಲ್ಲಿ ಸೆರೆಹಿಡಿದದ್ದನ್ನು ಮನೆಗೆ ಒಯ್ದು ಊಹಿಸುವಂತಿಲ್ಲ, ಪ್ರತಿ ಊಹೆಗೂ ನಿಮ್ಮ ಬಾಗಿಲಿಗೇ ಬಂದು ತಟ್ಟಬೇಕು.

ಇಷ್ಟೆಲ್ಲ ತೀರ್ಮಾನಗಳು ರೇಡಿಯಸ್ ಸರ್ವರಿನ ಮೇಲೆ ನಿಂತಿರುವುದರಿಂದ ಅದು ಎರಡಿರಲಿ, ಒಂದೇ ಕಟ್ಟಡದಲ್ಲಿ ಬೇಡ. ರೇಡಿಯಸ್ ಹಳೆಯ ನಿಯಮಾವಳಿ. ಇಂದಿಗೂ ಎಂಡಿ5 ಎಂಬ ಹಳೆಯ, ದುರ್ಬಲ ಲೆಕ್ಕಾಚಾರದ ಮೇಲೆ ಒರಗಿ ನಿಂತಿದೆ. 2024ರ ಜುಲೈಯಲ್ಲಿ ಬಹಿರಂಗವಾದ ಬ್ಲಾಸ್ಟ್‌ರೇಡಿಯಸ್ ದಾಳಿಯಲ್ಲಿ, ದಾರಿಯ ಮಧ್ಯೆ ಕುಳಿತವನು 'ಬೇಡ' ಎಂಬ ಉತ್ತರವನ್ನು 'ಸರಿ' ಎಂದು ಬದಲಿಸಬಹುದೆಂದು ತೋರಿಸಲಾಯಿತು. ಇಎಪಿ (802.1ಎಕ್ಸ್ ಒಳಗೆ ನಡೆಯುವ ಗುರುತಿನ ಸಂವಾದ) ಬಳಸುವ ವೈ-ಫೈ ಸಂದೇಶಗಳಲ್ಲಿ ಇನ್ನೊಂದು ದೃಢೀಕರಣ ಗುರುತು ಕಡ್ಡಾಯವಾಗಿರುವುದರಿಂದ ಅವು ಈ ದಾಳಿಗೆ ಸಿಗುವುದಿಲ್ಲ. ಆದರೆ ಮ್ಯಾಕ್ ವಿಳಾಸದ ದೃಢೀಕರಣಕ್ಕೂ ಸ್ವಿಚ್ಚುಗಳ ಲಾಗಿನ್‌ಗೂ ಅದೇ ಸರ್ವರನ್ನು ಬಳಸುತ್ತಿದ್ದರೆ ತೇಪೆ ಹಾಕಿಸಿ, ಆ ಗುರುತನ್ನು ಎಲ್ಲಕ್ಕೂ ಕಡ್ಡಾಯ ಮಾಡಿ. ಸರ್ವರ್ ದೂರದಲ್ಲಿದ್ದರೆ ಟಿಎಲ್‌ಎಸ್ ಸುರಂಗದೊಳಗೆ ಕಳುಹಿಸಿ.

ದಾಖಲೆಗಳ ವಿಷಯದಲ್ಲಿ ನಮ್ಮ ದೇಶದ ಕಾನೂನೇ ಅಳತೆಗೋಲು ಕೊಟ್ಟಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಅದು ಹೆಸರಿಸಿದ ಬಗೆಯ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿರಬೇಕು. ಗಡಿಯಾರದ ಮಾತು ಸಣ್ಣದೆನಿಸಬಹುದು. ಆದರೆ ರೇಡಿಯಸ್ ದಾಖಲೆ, ಡಿಎಚ್‌ಸಿಪಿ ದಾಖಲೆ ಮತ್ತು ಫೈರ್‌ವಾಲ್ ದಾಖಲೆ ಮೂರನ್ನೂ ಜೋಡಿಸಿದಾಗಲೇ ಈ ವಿಳಾಸ, ಈ ಹೊತ್ತಿನಲ್ಲಿ, ಈ ವ್ಯಕ್ತಿಯದು ಎಂದು ಹೇಳಲಾಗುವುದು. ಕಂಟ್ರೋಲರಿನ ಗಡಿಯಾರ ಏಳು ನಿಮಿಷ ಹಿಂದಿದ್ದರೆ ಬೇರೆ ಯಾರೋ ಸಿಕ್ಕಿಬೀಳುತ್ತಾರೆ.

ಕೆಲಸದ ಕ್ರಮ ಹೀಗಿರಲಿ ಎಂದು ನನ್ನ ಸಲಹೆ. ಈ ವಾರವೇ ಡಿಸ್ಟ್ರಿಬ್ಯೂಷನ್‌ನಲ್ಲಿ ವೈ-ಫೈ ವಿಲ್ಯಾನ್‌ಗಳ ಮೇಲೆ ನಿಯಮ ಬರೆಯಿರಿ, ಅದಕ್ಕೆ ಹೊಸದೇನೂ ಕೊಳ್ಳಬೇಕಿಲ್ಲ. ಆ ಬಳಿಕ ಆಕ್ಸೆಸ್ ಪಾಯಿಂಟ್‌ಗಳ ಪೋರ್ಟುಗಳನ್ನು ಬಿಗಿ ಮಾಡಿ. ರೇಡಿಯಸ್ ಮತ್ತು ಪ್ರಮಾಣಪತ್ರಗಳ ವ್ಯವಸ್ಥೆಯನ್ನು ಮೊದಲು ನಿಮ್ಮ ಐಟಿ ವಿಭಾಗದ ಹತ್ತಿಪ್ಪತ್ತು ಲ್ಯಾಪ್‌ಟಾಪ್‌ಗಳಲ್ಲಿ ತಿಂಗಳು ಓಡಿಸಿ, ಅನಂತರ ವಿಭಾಗ ವಿಭಾಗವಾಗಿ ಹೊಸ ವೈ-ಫೈ ಹೆಸರಿಗೆ ಸಾಗಿಸಿ. ಹಳೆಯ ಹೆಸರನ್ನು ಆರಿಸುವ ದಿನಾಂಕವನ್ನು ಮೊದಲೇ ಗೊತ್ತುಮಾಡಿ, ಆಡಳಿತದವರ ಸಹಿ ಹಾಕಿಸಿ ಸೂಚನಾಫಲಕದಲ್ಲಿ ಅಂಟಿಸಿ. ಎರಡು ಹಳೆಯ ಮುದ್ರಕಗಳಿಗಾಗಿ ಸದ್ಯಕ್ಕೆ ಇರಲಿ ಎಂದು ಬಿಟ್ಟ ಹಳೆಯ ವೈ-ಫೈ ಹೆಸರೊಂದು ಆರು ವರ್ಷದ ನಂತರವೂ ಅದೇ ಪಾಸ್‌ವರ್ಡಿನೊಂದಿಗೆ ಉಸಿರಾಡುತ್ತಿದ್ದುದನ್ನು ನಾನು ನೋಡಿದ್ದೇನೆ. ಮುದ್ರಕಗಳು ಮಾತ್ರ ಅಷ್ಟರಲ್ಲಿ ಗುಜರಿ ಸೇರಿದ್ದವು.